ನಕ್ಷತ್ರದ ಹುಚ್ಚು



ತರೀಕೆರೆಯ ಬಯಲನ್ನು ಬಿಟ್ಟು ಬಾಬಾಬುಡನ್ ಗಿರಿಗಳನ್ನೇರಿ, ಕೆಮ್ಮಣ್ಣುಗುಂಡಿಯಿಂದ ಕಾಫಿ ತೋಟಗಳ ನಡುವಣ ದಾರಿಯಲ್ಲಿ ಕೆಳಗಿಳಿದರೆ ಹೆಬ್ಬೆ ಸಿಕ್ಕುತ್ತದೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ನೆಗೆತಗಳಲ್ಲಿ ಸುಮಾರು 550 ಅಡಿ ಬೀಳುವ ಅಲ್ಲಿಯ ಜಲಪಾತವನ್ನು ನೋಡಲು ಜನರು ಹಗಲಿನಲ್ಲಿ ಬರುತ್ತಾರೆ, ಹಗಲಿರುವಂತೆಯೇ ಹಿಂದಿರುಗುತ್ತಾರೆ. ಹೆಬ್ಬೆಯ ಇರುಳನ್ನು ಕಂಡವರು ಆ ಸುತ್ತಿನ ತೋಟದ ಮಂದಿ ಮಾತ್ರ. ಒಂದು ಮಾಘದ ಅಮಾವಾಸ್ಯೆಯ ರಾತ್ರಿ ಆ ಇರುಳಿನಲ್ಲಿ ನಿಲ್ಲುವ ಭಾಗ್ಯ ನಮಗೆ ಒದಗಿತು. ನಮ್ಮನ್ನು ಅಲ್ಲಿಗೆ ಕರೆದೊಯ್ದವನು ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿದ್ದ, ಅದೇ ಕಡೆಯ ಒಬ್ಬ ವಿದ್ಯಾರ್ಥಿ. ಅವನ ಕೊರಳಿನಲ್ಲಿ ಒಂದು ಹಳೆಯ ದುರ್ಬೀನು; ಕೈಯಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚು. ಬಿಳಿಯ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕೆಂಬುದನ್ನು ಅವನು ಯಾರಿಂದಲೂ ಕಲಿತಿರಲಿಲ್ಲ, ತಾನೇ ಕಂಡುಕೊಂಡಿದ್ದನು. "ಇವನಿಗೆ ನಕ್ಷತ್ರದ ಹುಚ್ಚು, ಸ್ವಾಮಿ, ನೀವಾದರೂ ನಾಲ್ಕು ಮಾತು ಹೇಳಿ" ಎಂದು ಅವನ ತಂದೆ ನಮ್ಮೊಡನೆ ಹೇಳಿದ್ದರು.

ಹೆಬ್ಬೆಯು ಉತ್ತರ ಅಕ್ಷಾಂಶ ಹದಿಮೂರೂವರೆ ಡಿಗ್ರಿಯ ಸಮೀಪದಲ್ಲಿದೆ. ಆದ್ದರಿಂದ ಧ್ರುವನಕ್ಷತ್ರವು ಅಲ್ಲಿ ಬಾನಂಚಿನಿಂದ ಅಷ್ಟೇ ಎತ್ತರದಲ್ಲಿ ನಿಂತಿರುತ್ತದೆ. ಬೆಟ್ಟದ ಒಂದು ಏಣು ಅಡ್ಡ ಬಂದರೆ ಮರೆಯಾಯಿತು. ಆದರೆ ಉತ್ತರದ ದೇಶಗಳವರು ಕಾಣದ ತೆಂಕಣ ಸಂಪತ್ತು ನಮ್ಮದು. ಅಗಸ್ತ್ಯನು ದಕ್ಷಿಣದಲ್ಲಿ ಇಪ್ಪತ್ತಮೂರು ಡಿಗ್ರಿಗೂ ಮೇಲೇರುತ್ತಾನೆ. ತ್ರಿಶಂಕುವು ಏಪ್ರಿಲ್ ಮೇ ತಿಂಗಳುಗಳ ರಾತ್ರಿ ನೆಟ್ಟಗೆ ನಿಲ್ಲುತ್ತಾನೆ. ಆ ರಾತ್ರಿ ಮಹಾವ್ಯಾಧನ ಕತ್ತಿಯ ನಡುವಣ ಮಂಜಿನ ಚುಕ್ಕೆಯನ್ನು ದುರ್ಬೀನಿನಲ್ಲಿ ತೋರಿಸುತ್ತ ಆ ಹುಡುಗನು ತಟ್ಟನೆ ಕೇಳಿದನು: "ಇದನ್ನೆಲ್ಲ ನಮ್ಮ ಕಡೆಯವರು ಯಾರಾದರೂ ನೋಡಿ ಬರೆದಿದ್ದಾರೆಯೇ, ಸಾರ್? ಇಲ್ಲ, ಹೊರಗಿನವರು ನೋಡಿದ್ದನ್ನು ನಾವು ಓದುವುದಷ್ಟೆಯೋ?"

ಪ್ರಶ್ನೆ ಮುಳ್ಳಿನಂತೆ ನಾಟಿತು. ಈ ಭಾಷಣವು ಅದಕ್ಕೆ ನಾವು ಆ ಮೇಲೆ ಹುಡುಕಿಕೊಂಡ ಉತ್ತರ.

ಎಣಿಕೆಗೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ತೆರೆದರೆ ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಮಣಗಳ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಭೂಮಿಯನ್ನು ದಾನವಾಗಿ ಬಿಟ್ಟದ್ದು ಆ ಪುಣ್ಯಕಾಲಗಳಲ್ಲಿ. ಗ್ರಹಣವು ಇಂಥ ತಿಥಿಗೆ ಬರುತ್ತದೆಂದು ಮುಂದಾಗಿ ಬಲ್ಲವರು ಊರೂರುಗಳಲ್ಲಿ ಇದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಗ್ರಹಣವು ಎಷ್ಟು ಕತ್ತಲೆಯಾಗಿತ್ತು, ಅಂಚಿನ ಬಣ್ಣವೇನು, ಯಾವ ನಕ್ಷತ್ರ ಹೊರಬಿತ್ತು ಎಂಬುದಕ್ಕೆ ದಾನಶಾಸನದಲ್ಲಿ ಎಡೆಯಿಲ್ಲ. ಅದು ಕೊಡುವ ಕಾಲವಾಗಿತ್ತು, ನೋಡುವ ಕಾಲವಾಗಿರಲಿಲ್ಲ. ಎಣಿಸುವ ಕೈ ಒಂದು, ನೋಡುವ ಕಣ್ಣು ಇನ್ನೊಂದು ಎಂದಾದುದೇ ನಮ್ಮ ದೇಶದ ಖಗೋಲವಿದ್ಯೆಯ ದೊಡ್ಡ ನಷ್ಟವೆಂದು ನಮಗೆ ತೋರುತ್ತದೆ.

ಇದಕ್ಕೆ ನಮ್ಮ ಜೀವನದಲ್ಲೇ ನಡೆದ ಒಂದು ಸಂಗತಿಯನ್ನು ಹೇಳಬಹುದು. 1980ನೆಯ ಇಸವಿ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ತರೀಕೆರೆಯ ಸೀಮೆ ಆ ಪಟ್ಟಿಯಿಂದ ದಕ್ಷಿಣಕ್ಕೆ ಉಳಿಯಿತು. ಆದರೂ ಸೂರ್ಯನ ಬಹುಭಾಗ ಮುಚ್ಚಿತು. ನಾವು ಆಗ ಹೈಸ್ಕೂಲಿನ ಹುಡುಗರು. ಶಾಲೆಯಲ್ಲಿ ಹೊರಗೆ ಬರಕೂಡದೆಂದರು. ಮನೆಯಲ್ಲಿ ಅಜ್ಜಿ ನೀರಿನ ಪಾತ್ರೆಗಳಿಗೆಲ್ಲ ದರ್ಭೆಯನ್ನಿಟ್ಟು, ಕಿಟಕಿಗಳಿಗೆ ಕಂಬಳಿ ಕಟ್ಟಿಸಿದರು. ಪಂಚಾಂಗದಲ್ಲಿ ಸ್ಪರ್ಶಕಾಲವನ್ನು ನಿಮಿಷದ ಮಟ್ಟಿಗೆ ಕೊಟ್ಟಿದ್ದರು. ಅದರ ಪ್ರಯೋಜನವೆಂದರೆ ಬಾಗಿಲನ್ನು ಸರಿಯಾದ ಹೊತ್ತಿಗೆ ಮುಚ್ಚಿದ್ದು! ನಮಗೆ ಅಳು ಬಂದಿತ್ತು. ಆದರೆ ನಾಡಹೆಂಚಿನ ಮಾಡಿನಲ್ಲಿ ಸಂದುಗಳಿದ್ದುವು. ಎಂದಿನ ದಿನ ಆ ಸಂದುಗಳಿಂದ ನೆಲಕ್ಕೆ ಬೀಳುತ್ತಿದ್ದ ಬಿಸಿಲು ದುಂಡಗೆ, ಕಾಸಿನಂತಿರುತ್ತಿತ್ತು. ಅಂದು ಮಧ್ಯಾಹ್ನ ಆ ಕಾಸುಗಳೆಲ್ಲವೂ ಒಂದು ಕಡೆ ಸವೆಯತೊಡಗಿ, ಕೊನೆಗೆ ನೆಲದ ತುಂಬ ಹತ್ತಾರು ಎಳೆಯ ಬಿದಿಗೆಯ ಚಂದ್ರರು ಚೆಲ್ಲಿದಂತೆ ಕಂಡುವು. ಕಿಂಡಿಯು ಚಿಕ್ಕದಾದಷ್ಟೂ ಅದು ಸೂರ್ಯನ ಬಿಂಬವನ್ನೇ ಬರೆಯುತ್ತದೆ, ಕಿಂಡಿಯ ಆಕಾರವನ್ನಲ್ಲ ಎಂಬ ತತ್ತ್ವವನ್ನು ಪುಸ್ತಕದಲ್ಲಿ ಓದಿದ್ದು ಎರಡು ವರ್ಷಗಳಾದ ಮೇಲೆ. ಅಜ್ಜಿಯೂ ಬಂದು ನೋಡಿದರು, ಏನೂ ಹೇಳಲಿಲ್ಲ, ಆದರೆ ಕಾಲಿನಿಂದ ಆ ಬೆಳಕನ್ನು ತುಳಿಯದೆ ಸುತ್ತಿ ನಡೆದರು.

ಇರಲಿ. ಪ್ರಕೃತಕ್ಕೆ ಬರೋಣ. ಗ್ರಹಣದ ಮಾತನ್ನು ಎತ್ತಿದ್ದರಿಂದ ಅದಕ್ಕೂ ನೂರಹನ್ನೆರಡು ವರ್ಷ ಹಿಂದಿನ ಇನ್ನೊಂದು ಗ್ರಹಣದ ಬಳಿಗೆ, ಕನ್ನಡ ನಾಡಿನ ಉತ್ತರ ಭಾಗಕ್ಕೆ, ನೀವು ನಮ್ಮೊಡನೆ ಬರಬೇಕು.

1868ರ ಆಗಸ್ಟ್ 18ರಂದು ಸಂಪೂರ್ಣ ಗ್ರಹಣದ ಪಟ್ಟಿ ಬಿಜಾಪುರ, ಜಮಖಂಡಿಗಳ ಮೇಲಿಂದ ಗುಂಟೂರಿನತ್ತ ಸಾಗಿತು. ರೋಹಿತದರ್ಶಕವೆಂಬ, ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸುವ ಉಪಕರಣವನ್ನು ಗ್ರಹಣದ ಸೂರ್ಯನ ಕಡೆಗೆ ತಿರುಗಿಸಿದ್ದು ಆಗಲೇ. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಡೇರೆ ಹೂಡಿದ್ದರು. ಮಳೆಗಾಲ; ಮೋಡಗಳು ಓಡಾಡುತ್ತಿದ್ದುವು. ಆದರೂ ಮೋಡ ಬಿರಿದ ಚೂರು ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ಜ್ವಲ ಗೆರೆಗಳನ್ನು ಅವರು ಕಂಡರು. ಅವು ಉರಿಯುವ ಅನಿಲದ ಗುರುತು. ಆ ಕಿತ್ತಳೆ ಬಣ್ಣದ ಗೆರೆಯೇ ಮುಂದೆ ಹೀಲಿಯಂ ಎಂಬ, ಆವರೆಗೆ ಭೂಮಿಯಲ್ಲಿ ಯಾರೂ ಕಾಣದಿದ್ದ ಮೂಲವಸ್ತುವಿನದೆಂದು ಗೊತ್ತಾಯಿತು. ಅದನ್ನು ಗುರುತಿಸಿದವರಲ್ಲಿ ಮುಖ್ಯರಾದ ನಾರ್ಮನ್ ಲಾಕಿಯರ್ ಆಗ ಲಂಡನ್ನಿನ ಯುದ್ಧ ಖಾತೆಯಲ್ಲಿ ಒಬ್ಬ ಗುಮಾಸ್ತ! ಕಚೇರಿಯ ಕಾಗದಗಳನ್ನು ಮಡಿಸಿಟ್ಟ ಮೇಲೆ ದೂರದರ್ಶಕದ ಬಳಿಗೆ ಹೋಗುತ್ತಿದ್ದವರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಅವರೇ ನಮ್ಮ ಕಾಸರಗೋಡಿನ ಸಮೀಪದ ಬೇಕಲ ಕೋಟೆಗೆ ಬಂದು ನಿಂತರು. ಜಮಖಂಡಿಯ ಹರ್ಷೆಲರ ತಾತ ವಿಲಿಯಂ ಹರ್ಷೆಲ್ ಮೊದಲು ಸಂಗೀತದ ಮೇಷ್ಟರು. 1781ರಲ್ಲಿ ಯುರೇನಸ್ ಗ್ರಹವನ್ನು ತಮ್ಮ ಮನೆಯ ಹಿತ್ತಿಲಿನಿಂದ ಕಂಡವರು. ಅಂದರೆ ಈ ವಿದ್ಯೆಯು ಯಾರ ಉದ್ಯೋಗವೂ ಅಲ್ಲದವರ ಕೈಯಲ್ಲಿಯೇ ಬಹಳವಾಗಿ ಬೆಳೆದಿದೆ.

ಆದರೆ ಹುಡುಗನ ಪ್ರಶ್ನೆ ಉಳಿಯಿತಷ್ಟೆ. ಡೇರೆಯೊಳಗಿದ್ದವರು ಪರದೇಶದವರು. ಡೇರೆಯ ಹೊರಗೆ ಯಾರಿದ್ದರು?

ಜಮಖಂಡಿಯಿಂದ ಘಟಪ್ರಭೆ, ಮಲಪ್ರಭೆ ಎರಡು ಹೊಳೆಗಳನ್ನು ದಾಟಿದರೆ ನರಗುಂದ. 1858ರಲ್ಲಿ ಬಾಬಾಸಾಹೇಬನ ಬಂಡಾಯದಿಂದ ಹೆಸರಾದ ಊರು. ಅಲ್ಲಿ 1854ರಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರರಿಗೆ ಜಮಖಂಡಿಯಲ್ಲಿ ಡೇರೆ ಬಿದ್ದಾಗ ಹದಿನಾಲ್ಕು ವರ್ಷ. ಮನೆಮಾತು ಮರಾಠಿ, ನೆಲ ಕನ್ನಡದ್ದು. ಕಲಿತದ್ದು ಮೆಟ್ರಿಕ್ಯುಲೇಶನ್ ವರೆಗೆ. ಮಾಡಿದ ಕೆಲಸ ಬಾಗಲಕೋಟೆ ಮುಂತಾದೆಡೆ ಶಾಲೆಯ ಉಪಾಧ್ಯಾಯಿಕೆ. ಹಗಲು ಮಕ್ಕಳಿಗೆ ಪಾಠ, ರಾತ್ರಿ ಗ್ರಹಗತಿಯ ಲೆಕ್ಕ. ಹಳೆಯ ಸಿದ್ಧಾಂತಗಳಿಂದ ಎಣಿಸಿದ ಗ್ರಹವು ಆಕಾಶದಲ್ಲಿ ಕಾಣುವ ಗ್ರಹಕ್ಕೆ ಹೊಂದದಿದ್ದರೆ ತಿದ್ದಬೇಕಾದುದು ಎಣಿಕೆಯನ್ನೇ ಹೊರತು ಆಕಾಶವನ್ನಲ್ಲ ಎಂಬುದು ಅವರ ನಿಲುವು. ಅದಕ್ಕಾಗಿ ಪಾಶ್ಚಾತ್ಯರ ಹೊಸ ಗಣಿತವನ್ನು ಸಂಸ್ಕೃತಕ್ಕೆ ತಂದು 'ಜ್ಯೋತಿರ್ಗಣಿತ'ವೆಂಬ ದೊಡ್ಡ ಗ್ರಂಥವನ್ನು ರಚಿಸಿದರು. 'ಕೇತಕೀ ಗ್ರಹಗಣಿತ'ವೂ ಅವರದೇ. ಎಣಿಸುವ ಕೈಯನ್ನೂ ನೋಡುವ ಕಣ್ಣನ್ನೂ ಮತ್ತೆ ಜೋಡಿಸಲು ಒಬ್ಬ ಬಡ ಮೇಷ್ಟರು ಪಟ್ಟ ಪಾಡು ಇದು.

1911ರಲ್ಲಿ ಕೇತಕರರು ಇನ್ನೂ ಮುಂದೆ ಹೋದರು. ಫ್ರಾನ್ಸಿನ ಖಗೋಲ ಸಂಘದ ಪತ್ರಿಕೆಯಲ್ಲಿ ಅವರ ಒಂದು ಲೇಖನ ಅಚ್ಚಾಯಿತು. ಗುರುವಿನ ಉಪಗ್ರಹಗಳ ಸುತ್ತಿನ ಕಾಲಗಳಲ್ಲಿ ಲಾಪ್ಲಾಸನು ಕಂಡ ಹೊಂದಾಣಿಕೆಯಂಥದೇ ಹೊರಗಿನ ಗ್ರಹಗಳಲ್ಲಿಯೂ ಇರಬೇಕೆಂದು ತರ್ಕಿಸಿ, ನೆಪ್ಚೂನಿನಾಚೆ ಎರಡು ಗ್ರಹಗಳುಂಟೆಂದು ಅವರು ಸೂಚಿಸಿದರು; ಬ್ರಹ್ಮ, ವಿಷ್ಣು ಎಂದು ಹೆಸರನ್ನೂ ಇಟ್ಟರು. ಬ್ರಹ್ಮನ ದೂರ ಭೂಮಿ ಸೂರ್ಯರ ಅಂತರದ ಸುಮಾರು 39 ಪಟ್ಟು, ಸುತ್ತಿನ ಕಾಲ ಸುಮಾರು 242 ವರ್ಷ.

1930ರ ಫೆಬ್ರವರಿ 18ರಂದು ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ಪ್ಲೂಟೋ ಸಿಕ್ಕಿತು. ಅದರ ದೂರ 39.5 ಪಟ್ಟು, ಕಾಲ 248 ವರ್ಷ. ಅದನ್ನು ಹಿಡಿದ ಕ್ಲೈಡ್ ಟಾಂಬೋ ಕಾನ್ಸಾಸ್ ಸೀಮೆಯ ಒಬ್ಬ ರೈತನ ಮಗ. ಬೇಸಾಯದ ಯಂತ್ರಗಳ, ಹಳೆಯ ಕಾರಿನ ಬಿಡಿಭಾಗಗಳನ್ನು ಜೋಡಿಸಿ ದೂರದರ್ಶಕ ಕಟ್ಟಿಕೊಂಡು, ತಾನು ಕಂಡ ಮಂಗಳ ಗುರುಗಳ ಚಿತ್ರಗಳನ್ನು ಬರೆದು ವೀಕ್ಷಣಾಲಯಕ್ಕೆ ಅಂಚೆಯಲ್ಲಿ ಕಳುಹಿಸಿದ್ದ ಹುಡುಗ. ಆ ಚಿತ್ರಗಳನ್ನು ನೋಡಿಯೇ ಅವನನ್ನು ಕರೆಸಿಕೊಂಡಿದ್ದರು. ಅದೇ 1930ರಲ್ಲಿ ಕೇತಕರರು ತೀರಿಕೊಂಡರು.

ಇಲ್ಲಿ ನಾವು ಎಚ್ಚರಿಕೆಯಿಂದ ಮಾತನಾಡಬೇಕು. ಪ್ಲೂಟೋವನ್ನು ಕೇತಕರರು ಕಂಡುಹಿಡಿದರೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರುಂಟು. ಅದು ಸರಿಯಲ್ಲ. ಪ್ಲೂಟೋ ನಮ್ಮ ಚಂದ್ರನಿಗಿಂತಲೂ ಚಿಕ್ಕದು. 2006ರಿಂದ ಅದನ್ನು ಕುಬ್ಜಗ್ರಹವೆಂದೇ ಎಣಿಸುತ್ತಾರೆ. ವಿಷ್ಣುವಂತೂ ದೊರೆಯಲೇ ಇಲ್ಲ. ಸಂಖ್ಯೆಗಳು ಹತ್ತಿರ ಬಂದುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಕೇತಕರರ ಹಿರಿಮೆ ಆ ಸಂಖ್ಯೆಯಲ್ಲಿಲ್ಲ. ನದಿಯಾಚೆಯ ಡೇರೆಯ ಬಾಗಿಲನ್ನು ಯಾರೂ ತೆರೆಯದಿದ್ದಾಗ, ಬಾಗಲಕೋಟೆಯ ಸೀಮೆಯ ಒಬ್ಬ ಮೇಷ್ಟರು ಪಾರಿಸಿನ ಬಾಗಿಲನ್ನು ತಟ್ಟಿದರು, ಅದು ತೆರೆಯಿತು.

ಕೇತಕರರು ಬರೆದದ್ದು ಸಂಸ್ಕೃತ, ಮರಾಠಿ, ಇಂಗ್ಲಿಷುಗಳಲ್ಲಿ. ಕನ್ನಡದ ಹುಡುಗನಿಗೆ ಕನ್ನಡದಲ್ಲಿ ಹೇಳುವವರು ಬೇಕಾಗಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ತೆಗೆದರು. ಅದು ಎರಡು ವರ್ಷ ಬದುಕಿತು. ಅನಂತರ ಆರ್. ಎಲ್. ನರಸಿಂಹಯ್ಯನವರು 'ನಕ್ಷತ್ರ ದರ್ಶನ', 'ಜಗತ್ತುಗಳ ಹುಟ್ಟು ಸಾವು' ಎಂಬ ಪುಸ್ತಕಗಳನ್ನು ಬರೆದರು. ಅವರಾದ ಮೇಲೆ ಜಿ. ಟಿ. ನಾರಾಯಣರಾಯರು. ಮಡಿಕೇರಿಯಲ್ಲಿ 1926ರಲ್ಲಿ ಹುಟ್ಟಿದ ಇವರು ಗಣಿತದ ಅಧ್ಯಾಪಕರು. ಎನ್‌ಸಿಸಿಯ ಅಧಿಕಾರಿ ಬೇರೆ. 2008ರಲ್ಲಿ ಮೈಸೂರಿನಲ್ಲಿ ತೀರಿಕೊಳ್ಳುವವರೆಗೂ ಬರೆಹದಿಂದಲೂ ಬಾಯಿಮಾತಿನಿಂದಲೂ ಕನ್ನಡಿಗರ ತಲೆಯನ್ನು ಮೇಲಕ್ಕೆತ್ತಿಸಿದರು. ಹೆಬ್ಬೆಯ ಹುಡುಗನ ಚೀಲದಲ್ಲಿ ಹೊದಿಕೆ ಕಿತ್ತುಹೋದ ಒಂದು ಪುಸ್ತಕವಿತ್ತು. ಅದು ಇವರದೇ ಎಂದು ತಿಳಿದು ನಮಗೆ ಸಂತೋಷವಾಯಿತು.

ನೋಡುವುದಾಯಿತು, ಹೋಗುವ ಮಾತೇನು? ಹುಡುಗನ ಆಸೆ ಅದೇ. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಬೆಂಗಳೂರಿನ ಪೀಣ್ಯದ ಕೈಗಾರಿಕೆಯ ಶೆಡ್ಡುಗಳಲ್ಲಿ ತರುಣರನ್ನು ಸೇರಿಸಿಕೊಂಡು ಕಟ್ಟಿಸಿದ 'ಆರ್ಯಭಟ' ಉಪಗ್ರಹವು 1975ರ ಏಪ್ರಿಲ್ 19ರಂದು ರಷ್ಯದ ನೆಲದಿಂದ ಮೇಲೇರಿತು. ಅದರ ತೂಕ ಸುಮಾರು 360 ಕಿಲೋಗ್ರಾಂ. ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಉಪಗ್ರಹವೊಂದನ್ನು ಕಣ್ಣಿನಿಂದ ಕೂಡ ಕಂಡಿರಲಿಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿದಾಗ ಅದನ್ನು ಕಾಯುತ್ತಿದ್ದ ಕೇಂದ್ರವೂ ಅದೇ ಪೀಣ್ಯದಲ್ಲಿಯೇ. ಕಡೂರಿನಿಂದ ಪೀಣ್ಯಕ್ಕೆ ನೇರ ಹೆದ್ದಾರಿ; ಹೆಬ್ಬೆಯ ತಂದೆಗೆ ನಾವು ಹೇಳಿದ ನಾಲ್ಕು ಮಾತುಗಳಲ್ಲಿ ಇದೂ ಒಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಲಿ ಬಿಡಿ. ಆದರೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಎದ್ದಿದ್ದು ಹಗಲು ತೂಕಡಿಸಕೂಡದು" ಎಂದರು. ತೋಟದವರಿಗೆ ಅದು ಸಣ್ಣ ಮಾತಲ್ಲ. ಕಾಫಿಯ ಕೊಯ್ಲೂ ಆಕಾಶ ತಿಳಿಯಾಗುವ ಕಾಲವೂ ಒಂದೇ ಆಗಿರುವುದು ಮಲೆನಾಡಿನ ನಕ್ಷತ್ರಪ್ರಿಯರ ಕರ್ಮ. ಉಳಿದ ತಿಂಗಳುಗಳಲ್ಲಿ ಅರ್ಧ ಮಳೆಗೆ ಹೋಗುತ್ತದೆ.

ಆ ರಾತ್ರಿ ಪೂರ್ವದ ಕಡೆ, ಬೆಟ್ಟದ ಸಾಲಿನಾಚೆ, ಒಂದು ಮಸುಕಾದ ಬೆಳಗು ಹಬ್ಬಿತ್ತು. ಚಂದ್ರೋದಯವೆಂದು ನಾವು ಭ್ರಮಿಸಿದೆವು. "ಅಮಾವಾಸ್ಯೆ, ಸಾರ್. ಅದು ಬಯಲಿನ ಊರುಗಳ ದೀಪ. ನಾನು ಚಿಕ್ಕವನಿದ್ದಾಗ ಇಷ್ಟಿರಲಿಲ್ಲ" ಎಂದನು ಅವನು. ಬೆಂಗಳೂರಿನಲ್ಲಿ ಆಕಾಶಗಂಗೆಯನ್ನು ಕಾಣದೆಯೇ ಬೆಳೆದ ಮಕ್ಕಳು ಲಕ್ಷಾಂತರ. ಹೆಬ್ಬೆಯ ಕತ್ತಲೆ ಇನ್ನೂ ಉಳಿದಿದೆ. ಜಲಪಾತಕ್ಕೆ ದೀಪ ಹಾಕಬೇಕೆಂಬ ಬುದ್ಧಿ ಯಾರಿಗೂ ಬಾರದಿರಲಿ.

ಹಿಂದಿರುಗುವಾಗ ಅವನು ತನ್ನ ನೋಟುಬುಕ್ಕನ್ನು ತೋರಿಸಿದನು. ಕೊನೆಯ ಪುಟದಲ್ಲಿ 2031ರ ಮೇ 21 ಎಂದು ಬರೆದು ಸುತ್ತ ಗೆರೆ ಎಳೆದಿದ್ದನು. ಅಂದು ಕಂಕಣ ಸೂರ್ಯಗ್ರಹಣದ ಪಟ್ಟಿ ಕೇರಳ, ತಮಿಳುನಾಡುಗಳ ದಕ್ಷಿಣ ಭಾಗದಲ್ಲಿ ಹಾಯುತ್ತದೆ. ಹೆಬ್ಬೆಯಲ್ಲಿ ಸೂರ್ಯನು ಬಹುಮಟ್ಟಿಗೆ ಮುಚ್ಚುತ್ತಾನೆ. ಮುಂಗಾರು ಅಷ್ಟರಲ್ಲಿ ಬಾರದಿದ್ದರೆ ಸರಿ. ಗ್ರಹಣದ ಕನ್ನಡಕಗಳನ್ನು ಶಾಲೆಯ ಮಕ್ಕಳಿಗೆಲ್ಲ ಈಗಿನಿಂದಲೇ ಕೂಡಿಹಾಕಬೇಕೆಂದು ಅವನು ಲೆಕ್ಕ ಹಾಕುತ್ತಿದ್ದನು. ತಗಡಿನ ಡಬ್ಬಿಗೆ ಸೂಜಿಯಿಂದ ಒಂದು ತೂತು ಮಾಡಿದರೂ ಆಗುತ್ತದೆಂದು ನಾವು ಹೇಳಿದೆವು. ನಾಡಹೆಂಚಿನ ಮನೆಯ ಕಥೆಯನ್ನೂ ಹೇಳಿದೆವು. ಅವನು ಅದನ್ನು ಕೆಂಪು ಬೆಳಕಿನಲ್ಲಿ, ಆ ತಾರೀಖಿನ ಕೆಳಗೆ ಬರೆದುಕೊಂಡನು.