ಹಳೇ ಮನೆ ಜಗುಲಿ ರಿಪೇರಿ: ಟೈಲ್ಸ್ ಹಾಕಿಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಹಳೇ ಹೆಂಚಿನ ಮನೆ ಅಂದ್ರೆ ಮೊದಲು ಕಾಣೋದು ಜಗುಲಿ. ಗದ್ದೆ, ತೋಟದಿಂದ ಬಂದವರು ಅಂಗಳದಲ್ಲಿ ಕಾಲು ತೊಳೆದು, ಕಂಬಳಿ ಕೊಪ್ಪೆಯನ್ನು ಜಗುಲಿಯಲ್ಲೇ ಬಿಟ್ಟು ಆಮೇಲೆ ಹೊಸ್ತಿಲು ದಾಟುತ್ತಿದ್ದರು. ಈಗ ಅದೇ ಜಗುಲಿಗೆ ಹೆಲ್ಮೆಟ್, ರೇನ್‌ಕೋಟ್, ಶೂ, ಶಾಲೆ ಬ್ಯಾಗ್, ಪಾರ್ಸೆಲ್, ಎಲೆಕ್ಟ್ರಿಕ್ ಸ್ಕೂಟರ್ ಎಲ್ಲ ಬಂದಿವೆ. ಬದಲಾವಣೆ ಬೇಕು, ನಿಜ. ಆದರೆ ಸುತ್ತ ಗೋಡೆ ಎಬ್ಬಿಸಿ, ನುಣುಪು ಟೈಲ್ಸ್ ಹಾಕಿ ಜಗುಲಿಯನ್ನೇ ಹಾಲ್ ಮಾಡಿಕೊಂಡರೆ ಕೆಸರು, ನೀರು ಸೀದಾ ಒಳಗೆ ಬರುತ್ತೆ. ಜಾರಿ ಬೀಳೋದು ಮನೆಯ ಹಿರಿಯರು. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದರೆ ಚೇತರಿಸಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು.

ಹಾಗಾಗಿ ಜಗುಲಿ ಮುಚ್ಚೋದಕ್ಕಿಂತ ಅದನ್ನು ಸರಿಯಾಗಿ ಭಾಗ ಮಾಡಿಕೊಳ್ಳೋದು ಒಳ್ಳೇದು.

ಮೊದಲು ನೀರಿನ ದಾರಿ

ಸೂರಿನ ನೀರು ನೆಲಕ್ಕೆ ಬಡಿದು ಗೋಡೆ, ಕಂಬದ ಬುಡಕ್ಕೆ ಸಿಡಿಯುತ್ತೆ. ಮರದ ಕಂಬ ಕೊಳೆಯೋದು, ಗೆದ್ದಲು ಹತ್ತೋದು ಅಲ್ಲಿಂದಲೇ. ಸೂರಿಗೆ ಗಟರ್ ಹಾಕಿಸಿ, ನೀರನ್ನು ಪೈಪಿನಲ್ಲಿ ದೂರ ಬಿಡಿ. ಜಗುಲಿ ನೆಲ ಅಂಗಳದ ಕಡೆ ಇಳಿಜಾರು ಇರಬೇಕು. 8 ಅಡಿಗೆ 1 ಇಂಚು ಇಳಿದರೆ ಸಾಕು.

ಮಣ್ಣು ಅಥವಾ ಜಂಬಿಟ್ಟಿಗೆ ಗೋಡೆಗೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಹೊಡೆಸಬೇಡಿ. ಒಳಗಿನ ತೇವ ಆರೋಕೆ ದಾರಿ ಸಿಗದೆ ಪ್ಲಾಸ್ಟರ್ ಉಬ್ಬಿ ಉದುರುತ್ತೆ. ಹಳೇ ಗೋಡೆಗೆ ಸುಣ್ಣದ ಗಾರೆಯೇ ಹೊಂದೋದು.

ಒದ್ದೆ ಜಾಗ ಬೇರೆ, ಒಣ ಜಾಗ ಬೇರೆ

ಮೆಟ್ಟಿಲಿನ ಹತ್ತಿರದ 3–4 ಅಡಿ ಜಾಗವನ್ನು ಒದ್ದೆ ಜಾಗ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಒರಟು ಮೈಯ ಕಲ್ಲು ಅಥವಾ ಆಂಟಿ ಸ್ಕಿಡ್ ಟೈಲ್ಸ್ ಹಾಕಿಸಿ. ಕಾಲು ತೊಳೆಯೋಕೆ ಒಂದು ನಲ್ಲಿ, ರೇನ್‌ಕೋಟಿಗೆ ಗೂಟ, ಗಾಳಿಯಾಡೋ ಚಪ್ಪಲಿ ಸ್ಟ್ಯಾಂಡ್ ಇದ್ದರೆ ಆಯ್ತು. ಬಾಗಿಲು ಮುಚ್ಚಿದ ಶೂ ಕಪಾಟಿನಲ್ಲಿ ಮಳೆಗಾಲದ ಚಪ್ಪಲಿಗೆ ಬೂಸ್ಟು ಬರುತ್ತೆ.

ಬಾಗಿಲಿನ ಪಕ್ಕ ಒಣ ಜಾಗ. ಇರೋ ಕಟ್ಟೆ 16–18 ಇಂಚು ಎತ್ತರ ಇದ್ದರೆ ಒಡೆಯಬೇಡಿ, ಕೂತು ಶೂ ಹಾಕಿಕೊಳ್ಳೋಕೆ ಅದೇ ಬೆಂಚು. ಬ್ಯಾಗ್, ಹೆಲ್ಮೆಟ್, ಪಾರ್ಸೆಲ್‌ಗೆ ಮೇಲೆ ಒಂದು ಹಲಗೆ ಹೊಡೆಸಿ.

ರೆಡ್ ಆಕ್ಸೈಡ್ ನೆಲ ಚೆನ್ನಾಗಿದ್ದರೆ ಕೀಳಿಸಬೇಡಿ. ಆದರೆ ಆಸಿಡ್ ಹಾಕಿ ತೊಳೆದರೆ ಸಿಮೆಂಟ್ ಮೇಲ್ಮೈ ತಿಂದು ಹೋಗುತ್ತೆ.

ಮೆಟ್ಟಿಲು, ಹೊಸ್ತಿಲು

ಹಳೇ ಮನೆ ಮೆಟ್ಟಿಲು ಒಂದು ಎತ್ತರ, ಒಂದು ಗಿಡ್ಡ. ಬೀಳೋದಕ್ಕೆ ಇದೇ ದೊಡ್ಡ ಕಾರಣ. ಪ್ರತಿ ಮೆಟ್ಟಿಲೂ 6 ಇಂಚು ಎತ್ತರ, 1 ಅಡಿ ಅಗಲ ಇರಲಿ. ಕೈ ಹಿಡಿಯೋಕೆ ಒಂದು ಕಡೆಗಾದರೂ ಕಂಬಿ ಬೇಕು.

ವೀಲ್‌ಚೇರ್‌ಗೆ ರ‍್ಯಾಂಪ್ ಮಾಡಿಸೋದಾದರೆ ಲೆಕ್ಕ 1:12. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಜಾಗ ಇಲ್ಲ ಅಂತ ಕಡಿದಾಗಿ ಕಟ್ಟಿದರೆ ಉಪಯೋಗಕ್ಕಿಂತ ಅಪಾಯವೇ ಹೆಚ್ಚು.

ಅರಿಶಿನ ಕುಂಕುಮ ಇಡೋ ಹೊಸ್ತಿಲನ್ನು ಕತ್ತರಿಸೋಕೆ ಯಾರಿಗೂ ಮನಸ್ಸು ಬರಲ್ಲ. ಕತ್ತರಿಸಲೂ ಬೇಕಿಲ್ಲ. ಎರಡೂ ಕಡೆ ಮರದ ಇಳಿಜಾರು ತುಂಡು ಕೂರಿಸಬಹುದು. ಅಂಚಿಗೆ ತಿಳಿ ಬಣ್ಣ, ಮೇಲೊಂದು ಲೈಟು ಇದ್ದರೆ ಮಬ್ಬುಗಣ್ಣಿಗೂ ಕಾಣುತ್ತೆ.

ಬಾಗಿಲು ಅಗಲ ಮಾಡೋದು

ಹಳೇ ಮನೆಯಲ್ಲಿ ಭಾರ ಹೊರೋದು ಗೋಡೆಯೇ. ಮಾಡಿನ ತೊಲೆ ಯಾವ ಗೋಡೆ ಮೇಲೆ ಕೂತಿದೆ ಅಂತ ನೋಡದೆ ಒಡೆಸಬೇಡಿ. ಆನಿಕೆ ಕೊಟ್ಟು, ಲಿಂಟಲ್ ಕೂರಿಸಿ ಆಮೇಲೆ ಕತ್ತರಿಸಬೇಕು. ಇದಕ್ಕೆ ಮೇಸ್ತ್ರಿ ಜೊತೆಗೆ ಎಂಜಿನಿಯರ್‌ಗೂ ತೋರಿಸೋದು ಒಳ್ಳೇದು.

ಕರೆಂಟು

ಹಳೇ ವೈರಿಂಗ್‌ನಲ್ಲಿ ಎಷ್ಟೋ ಕಡೆ ಅರ್ಥಿಂಗೇ ಇರಲ್ಲ. ಲೈಟಿನ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ಸ್ಕೂಟರ್ ಚಾರ್ಜ್ ಮಾಡಬೇಡಿ. ಮೀಟರ್ ಬೋರ್ಡಿನಿಂದ ಬೇರೆ ಲೈನು, ಸರಿಯಾದ ಅರ್ಥಿಂಗ್, 16 ಆಂಪ್ ಸಾಕೆಟ್, 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಸಾಕೆಟ್‌ಗೆ ಎರಚಲು ತಾಗಬಾರದು.

ಜಗುಲಿಯಲ್ಲೇ ಅಂಗಡಿ ಇದ್ದರೆ

ಪೇಟೆ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರೋರು ಮನೆಯವರ ದಾರಿ ಮತ್ತು ಗಿರಾಕಿಗಳ ದಾರಿ ಬೇರೆ ಮಾಡಿಕೊಂಡರೆ ಇಬ್ಬರಿಗೂ ಅನುಕೂಲ. ಸರಕು ಪೇರಿಸಿ ಮನೆ ಬಾಗಿಲು ಅಡ್ಡಗಟ್ಟಬೇಡಿ, ಬೆಂಕಿ ಬಿದ್ದರೆ ಹೊರಗೆ ಬರೋಕೆ ಅದೇ ದಾರಿ. ಮೆಟ್ಟಿಲು, ರ‍್ಯಾಂಪ್ ಚರಂಡಿ ಅಥವಾ ರಸ್ತೆ ಮೇಲೆ ಚಾಚಿದರೆ ಒತ್ತುವರಿ ಅಂತ ತೆಗೆಸಬಹುದು. ಕಟ್ಟಿಸೋ ಮುಂಚೆ ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಕೇಳಿಕೊಳ್ಳಿ.

ಯಾವಾಗ ಮಾಡಿಸಬೇಕು?

ಗಾರೆ, ನೆಲ ಒಣಗೋಕೆ ಸಮಯ ಬೇಕು. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ದುಡ್ಡು ಕಡಿಮೆ ಇದ್ದರೆ ಈ ವರ್ಷ ಗಟರ್, ಕೈಕಂಬಿ, ಲೈಟು ಮೂರೇ ಮಾಡಿಸಿ. ಟೈಲ್ಸ್ ಮುಂದಿನ ವರ್ಷಕ್ಕೂ ಕಾಯುತ್ತೆ.