ಕೈಜಾರಿದ ರಿಸೀವರ್, ತಡೆದು ನಿಂತ ರಬ್ಬರು

ಹಳೆಯ ಕಪ್ಪು ಟೆಲಿಫೋನನ್ನು ಎತ್ತಿದವರಿಗೆ ಅದರ ಭಾರ ಗೊತ್ತು. ಶಿಡ್ಲಘಟ್ಟದ ಮೇಲೂರಿರಲಿ, ಬೆಂಗಳೂರಿನ ಕಚೇರಿಯಿರಲಿ, ರಿಸೀವರ್ ಕೈಜಾರಿ ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಅಂಚು ಚಕ್ಕೆಯೇಳುತ್ತಿತ್ತು, ಇಲ್ಲವೇ ಉದ್ದಕ್ಕೂ ಸೀಳುತ್ತಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ತಯಾರಿಸಿದ ಮೊದಮೊದಲ ಫೋನುಗಳ ಮೈ ಬೇಕಲೈಟಿನದು. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ರೂಪಿಸಿದ ಈ ವಸ್ತು ಗಡುಸು, ಆದರೆ ಪೆಡಸು.

ಗಡುಸಾದದ್ದು ಒಡೆಯುವುದೇಕೆ? ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯುವುದನ್ನು ನೋಡಿ. ಅಂಚಿಗೆ ಕತ್ತರಿ ತಾಗಿಸಿದ ಮೇಲೆ ಬಟ್ಟೆ ಪರ್ರನೆ ಹರಿಯುತ್ತದೆ; ಆ ಗಾಯವಿಲ್ಲದಿದ್ದರೆ ಎಷ್ಟು ಎಳೆದರೂ ಜಗ್ಗದು. ಎಳೆತದ ಬಲವೆಲ್ಲ ಗಾಯದ ತುದಿಯಲ್ಲಿ ಒಟ್ಟುಗೂಡುತ್ತದೆ. ಗಾಜಿನ ಸೋಲಿಗೂ ಇಂಥ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣವೆಂದು ಇಂಗ್ಲೆಂಡಿನ ಎ.ಎ. ಗ್ರಿಫಿತ್ 1921ರಲ್ಲಿ ತೋರಿಸಿದರು. ಬಿರುಕು ಉದ್ದವಾದಷ್ಟೂ ಅದನ್ನು ಮುಂದೂಡಲು ಕಡಿಮೆ ಬಲ ಸಾಕು.

ಬೇಕಲೈಟಿನ ನಂತರ ಬಂದ ಪಾಲಿಸ್ಟೈರೀನ್ ಹಗುರ, ಅಗ್ಗ. ಒಡೆಯುವ ಚಾಳಿ ಮಾತ್ರ ಅದಕ್ಕೂ ಇತ್ತು. ಅದರೊಳಗೆ ರಬ್ಬರು ಸೇರಿಸುವ ವಿಧಾನಕ್ಕೆ ಐವನ್ ಆಸ್ಟ್ರೋಮಿಸ್ಲೆನ್ಸ್ಕಿ 1927ರಲ್ಲಿ ಪೇಟೆಂಟ್ ಪಡೆದರು. ಗಟ್ಟಿಯಾಗಬೇಕಾದ ವಸ್ತುವಿಗೆ ಮೆತ್ತನೆಯದನ್ನು ಬೆರೆಸುವುದು! ಸುಮ್ಮನೆ ಕಲಸಿದರೆ ಹೆಚ್ಚು ಪ್ರಯೋಜನವಿಲ್ಲ. ರಬ್ಬರಿನ ಕಣ ಸುತ್ತಲಿನ ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದಿರಬೇಕು. ಕಣದ ಗಾತ್ರ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು.

ಅದು ಮಾಡುವ ಕೆಲಸವನ್ನು ಬಕ್ನಲ್ ಮತ್ತು ಸ್ಮಿತ್ 1965ರಲ್ಲಿ ವಿವರಿಸಿದರು. ಪೆಟ್ಟು ಬಿದ್ದಾಗ ಒಂದೊಂದು ಕಣದ ಬಳಿಯೂ ಅಸಂಖ್ಯ ನವಿರು ಗೀರುಗಳೇಳುತ್ತವೆ. ಶಕ್ತಿಯೆಲ್ಲ ಅವುಗಳಲ್ಲಿ ಹಂಚಿಹೋಗಿ, ಒಂದೇ ದೊಡ್ಡ ಬಿರುಕು ಓಡುವುದು ತಪ್ಪುತ್ತದೆ. ಇಂಥ ಪ್ಲಾಸ್ಟಿಕ್ಕನ್ನು ಬಗ್ಗಿಸಿದರೆ ಮಡಿಕೆ ಬೆಳ್ಳಗಾಗುವುದು ಆ ಗೀರುಗಳಿಂದಲೇ. ರಬ್ಬರು ಹೆಚ್ಚಾದರೆ ವಸ್ತುವೇ ಮೆತ್ತಗಾಗುತ್ತದೆ, ಆದ್ದರಿಂದ ಅಳತೆ ತಪ್ಪುವಂತಿಲ್ಲ.

1950ರ ದಶಕದಲ್ಲಿ ಎಬಿಎಸ್ ಎಂಬ ರಬ್ಬರು ಬೆರೆತ ಪ್ಲಾಸ್ಟಿಕ್ಕು ಮಾರುಕಟ್ಟೆಗೆ ಬಂತು. ಅಮೆರಿಕದ ಟೆಲಿಫೋನುಗಳು ಅದೇ ದಶಕದ ಕೊನೆಗೆ ಅದರ ಕವಚ ತೊಟ್ಟವು. ಹಗುರವಾದ, ಬಣ್ಣಬಣ್ಣದ ಫೋನುಗಳು ನಮ್ಮ ಮೇಜುಗಳಿಗೂ ಬಂದವು.

ಇಂದು ಬಹಳಷ್ಟು ಹೆಲ್ಮೆಟ್ಟುಗಳ ಹೊರಕವಚವೂ ಎಬಿಎಸ್ಸೇ. ಅದರ ರಬ್ಬರಿಗೆ ಬಿಸಿಲು ಆಗದು. ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ತಾಗಿ ಅದು ಪೆಡಸಾಗುತ್ತ ಬರುತ್ತದೆ, ಕವಚ ಹಳದಿಗಟ್ಟುತ್ತದೆ. ವರ್ಷಗಟ್ಟಲೆ ಬೈಕಿನ ಮೇಲೆ ಬಿಸಿಲಿಗೆ ಒಣಗಿದ ಹೆಲ್ಮೆಟ್ಟು ಹೊರನೋಟಕ್ಕೆ ಚೆನ್ನಾಗಿದ್ದೀತು; ಬಿದ್ದ ದಿನ ಬಿರುಕನ್ನು ತಡೆಯುವ ಕಣಗಳು ಅದರ ಹೊರಪದರದಲ್ಲಿ ಉಳಿದಿರಲಾರವು.