ಕೆಂಪು ಲಕೋಟೆಯ ಚಂದಾ ಗಿಟ್ಟುತ್ತಿತ್ತೇ?

ತಿಂಗಳಿಗೆ ಸುಮಾರು 20 ಡಾಲರ್ ಕಟ್ಟಿ, ಅಂಚೆಯಲ್ಲಿ ಡಿವಿಡಿ ತರಿಸಿ ಸಿನಿಮಾ ನೋಡಿದರೆ ಗಿಟ್ಟುತ್ತದೆಯೇ? 2000ರ ಆಸುಪಾಸಿನಲ್ಲಿ ಅಮೆರಿಕದ ಮನೆಮನೆಗಳಲ್ಲಿ ಹಾಕಿದ ಲೆಕ್ಕ ಇದು. ನೆಟ್‌ಫ್ಲಿಕ್ಸ್ 1998ರಲ್ಲಿ ಬಿಡಿ ಬಾಡಿಗೆಯಿಂದ ಶುರುವಾಗಿ, ಮರುವರ್ಷವೇ ತಿಂಗಳ ಚಂದಾಕ್ಕೆ ಹೊರಳಿತ್ತು. ಒಂದು ಸಲಕ್ಕೆ 3 ಡಿವಿಡಿ, ಒಂದನ್ನು ಹಿಂದಿರುಗಿಸಿದರೆ ಪಟ್ಟಿಯಲ್ಲಿದ್ದ ಮುಂದಿನದು. ಕೆಂಪು ಲಕೋಟೆಯ ಮೇಲಿನ ಮಡಿಕೆಯನ್ನು ಹರಿದರೆ ಅದೇ ಲಕೋಟೆ ವಾಪಸು ಕಳಿಸುವುದಕ್ಕೂ ಆಗುತ್ತಿತ್ತು. ಅಂಚೆವೆಚ್ಚ ಮೊದಲೇ ಪಾವತಿಯಾಗಿರುತ್ತಿತ್ತು. ತಿಂಗಳಿಗೆ ಎಂಟು ಚಿತ್ರ ನೋಡಿದರೆ ತಲಾ ಎರಡೂವರೆ ಡಾಲರ್, ಎರಡೇ ನೋಡಿದರೆ ಹತ್ತು. ಈ ಭಾಗಾಕಾರ ತಪ್ಪಲ್ಲ, ಆದರೆ ಚಂದಾದ ನಿಜವಾದ ಬೆಲೆ ಇದರಲ್ಲಿ ಸಿಗುವುದಿಲ್ಲ. ಚಂದಾದಾರ ಕೊಳ್ಳುತ್ತಿದ್ದದ್ದು ಒಂದು ದೊಡ್ಡ ಸಂಗ್ರಹದ ಬಾಗಿಲನ್ನು. ಊರಿನ ಅಂಗಡಿಯ ಕಪಾಟಿನಲ್ಲಿ ಹೊಸ ಚಿತ್ರದ ಹತ್ತಾರು ಪ್ರತಿಗಳಿರುತ್ತಿದ್ದವು, ಹಳೆಯದರ ಒಂದೂ ಇರುತ್ತಿರಲಿಲ್ಲ. ಅಂಚೆಯ ಸಂಗ್ರಹವಾದರೋ ಉತ್ತುಂಗದಲ್ಲಿ ಒಂದು ಲಕ್ಷ ಶೀರ್ಷಿಕೆಗಳ ತನಕ ಬೆಳೆಯಿತು. ಜಪಾನಿನ ಹಳೆಯ ಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಹುಡುಕುವ ಸಣ್ಣ ಊರಿನವರಿಗೆ ಬೇರೆ ದಾರಿಯೇ ಇರಲಿಲ್ಲ.

ಇದಕ್ಕೆ ಆಕ್ಷೇಪಗಳಿದ್ದವು. ಹೆಚ್ಚು ನೋಡುವವರಿಗೆ ಡಿವಿಡಿ ಬೇಕೆಂದೇ ತಡವಾಗಿ ಬರುತ್ತದೆಂಬ ದೂರು 2004ರಲ್ಲಿ ಕೋರ್ಟಿನ ಮೆಟ್ಟಿಲೇರಿತು. ಕಡಿಮೆ ಡಿವಿಡಿ ತರಿಸುವವರಿಗೆ ಆದ್ಯತೆ ಕೊಡುತ್ತೇವೆಂದು ಕಂಪನಿಯೇ ತನ್ನ ನಿಬಂಧನೆಗಳಲ್ಲಿ ಬರೆಯಬೇಕಾಯಿತು. ಮಿತಿಯಿಲ್ಲ ಎಂದು ಹೇಳಿ ಮಿತಿ ಹಾಕಿದ್ದು ಅನ್ಯಾಯವೇ. ಇನ್ನು, ಬಂದ ಲಕೋಟೆ ವಾರಗಟ್ಟಲೆ ಟಿವಿಯ ಪಕ್ಕ ಬಿದ್ದಿರುತ್ತಿತ್ತು, ದುಡ್ಡು ದಂಡ ಎನ್ನುತ್ತಿದ್ದರು. ಆದರೆ ಅಂಗಡಿಯ ಡಿವಿಡಿ ಹಾಗೆ ಬಿದ್ದಿದ್ದರೆ ದಂಡ ಬೇರೆ ತೆರಬೇಕಿತ್ತು. 2000ದಲ್ಲಿ ಬಾಡಿಗೆ ಅಂಗಡಿಗಳ ಸರಪಳಿ ಬ್ಲಾಕ್‌ಬಸ್ಟರ್ ಇಂಥ ದಂಡದಿಂದಲೇ ಸುಮಾರು 80 ಕೋಟಿ ಡಾಲರ್ ಗಳಿಸಿತ್ತು. ಗಿರಾಕಿಯ ಮರೆವಿನಿಂದ ಗಳಿಸುವ ಆ ಪದ್ಧತಿಯನ್ನು ಮುರಿದದ್ದು ಚಂದಾ. ಸ್ವತಃ ಬ್ಲಾಕ್‌ಬಸ್ಟರ್ 2005ರಲ್ಲಿ ದಂಡವನ್ನು ಕೈಬಿಟ್ಟಿತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಸ್ಟ್ರೀಮಿಂಗ್ ಬಂದಮೇಲೆ ಇದೆಲ್ಲ ಹಳಸಿತು ಎಂಬುದು. ವೇಗದಲ್ಲಿ ಹೌದು. ಆದರೆ ಅಂಚೆಯ ಸಂಗ್ರಹ ಅಷ್ಟು ಬೆಳೆದದ್ದಕ್ಕೆ ಕಾರಣ ಕಾನೂನಿನಲ್ಲಿದೆ. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನ ಹಿಡಿತ ಮುಗಿಯಿತೆಂದು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲಿ, ಪುಸ್ತಕ ಮಾರಾಟದ ಒಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಅದೇ ತತ್ವದ ಬಲದಿಂದ, ಡಿವಿಡಿ ಕೊಂಡವರು ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಬಾಡಿಗೆಗೆ ಬಿಡಬಹುದಿತ್ತು. ನಮ್ಮ ದೇಶದಲ್ಲಿ ಹಾಗಿರಲಿಲ್ಲ. 2012ರ ತಿದ್ದುಪಡಿಗೆ ಮುಂಚಿನ ಕೃತಿಸ್ವಾಮ್ಯ ಕಾಯ್ದೆ, ಮಾರಿದ ಪ್ರತಿಯನ್ನು ಬಾಡಿಗೆಗೆ ಕೊಡುವ ಹಕ್ಕನ್ನೂ ಚಿತ್ರದ ಹಕ್ಕುದಾರರಿಗೇ ಉಳಿಸಿತ್ತು. ಮನೆಗೆ ಡಿವಿಡಿ ತಲುಪಿಸುತ್ತಿದ್ದ ಬೆಂಗಳೂರಿನ ಸೆವೆಂಟಿಎಂಎಂನಂಥ ಸಂಸ್ಥೆಗಳಿಗೆ ಅಮೆರಿಕದವರ ಸ್ವಾತಂತ್ರ್ಯ ಇರಲಿಲ್ಲ. ಸ್ಟ್ರೀಮಿಂಗ್‌ಗೆ ಎಲ್ಲೆಲ್ಲೂ ಒಪ್ಪಂದ ಬೇಕು, ಅವಧಿ ಮುಗಿದರೆ ಚಿತ್ರ ಮಾಯ. 2023ರ ಸೆಪ್ಟೆಂಬರ್ 29ರಂದು ನೆಟ್‌ಫ್ಲಿಕ್ಸ್ ತನ್ನ ಅಂಚೆ ಸೇವೆ ನಿಲ್ಲಿಸಿದಾಗ, ಅದು ಕಳಿಸಿದ್ದ ಡಿವಿಡಿಗಳ ಸಂಖ್ಯೆ 520 ಕೋಟಿ ದಾಟಿತ್ತು. ಯಾರ ಒಪ್ಪಂದವನ್ನೂ ಕಾಯದೆ ಹಳೆಯ ಚಿತ್ರವನ್ನು ಮನೆಗೆ ತರಿಸಿಕೊಳ್ಳುವ ಆ ಅನುಕೂಲವನ್ನು ಕಂಪನಿಯ ಯಾವ ಸ್ಟ್ರೀಮಿಂಗ್ ಚಂದಾವೂ ತುಂಬಿಕೊಡಲಿಲ್ಲ.